ಬೇಲಿಯೊಂದೇ ಸಂರಕ್ಷಣೆಯಲ್ಲ

ಕೊಪ್ಪದಿಂದ ಶೃಂಗೇರಿಗೆ ಹೋಗುವಾಗ ಒಮ್ಮೆ ದಾರಿಬದಿಯಲ್ಲಿ ಹಳೆಯ ತೊಟ್ಟಿಮನೆಯೊಂದನ್ನು ಬಿಚ್ಚುತ್ತಿದ್ದುದನ್ನು ಕಂಡೆ. ಕೆತ್ತನೆಯ ಕಂಬಗಳು ಲಾರಿಯೇರಿ ನಗರಕ್ಕೆ ಹೊರಟಿದ್ದವು. ‘ಹೆಂಚು ಕೈಯಾಡಿಸಲು ಆಳು ಸಿಗುವುದಿಲ್ಲ, ಮಕ್ಕಳು ಬೆಂಗಳೂರು ಸೇರಿದ್ದಾರೆ. ನಾನೊಬ್ಬ ಎಷ್ಟು ದಿನ ಕಾಯಲಿ?’ ಎಂದರು ಮನೆಯ ಯಜಮಾನರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಸೀಮೆಯಲ್ಲಿ ಪರಂಪರೆ ಉಳಿದಿರುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಒಂದು, ಶ್ರದ್ಧೆಯಿಂದ. ಶೃಂಗೇರಿಯ ವಿದ್ಯಾಶಂಕರ ದೇವಾಲಯ 14ನೆಯ ಶತಮಾನದಿಂದ ನಿಂತಿದೆ. ಪಕ್ಕದ ತುಂಗೆಯ ಮೀನುಗಳಿಗೆ ಭಕ್ತರು ಆಹಾರ ಹಾಕುತ್ತಾರೆಯೇ ಹೊರತು ಬಲೆ ಬೀಸುವುದಿಲ್ಲ. ಇನ್ನೊಂದು, ನಿರ್ಬಂಧದಿಂದ. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತದ್ದು ಸುಪ್ರೀಂ ಕೋರ್ಟಿನ 2002ರ ತೀರ್ಪಿನಿಂದಾಗಿ. ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಕುದುರೆಮುಖವೂ ಇದೆ. ಆದರೆ ಪೂಜೆಯೂ ಇಲ್ಲದ, ಕಾವಲೂ ಇಲ್ಲದ ಮನೆ, ಕಾನು, ಕೆರೆಗಳ ಗತಿಯೇನು?

ನಿರ್ಬಂಧದ ವ್ಯಾಪ್ತಿಯನ್ನು ಹಿಗ್ಗಿಸಿದರೆ ಸಾಕೆನ್ನುವವರು ನರಸಿಂಹರಾಜಪುರದ ಅನುಭವವನ್ನು ಮರೆಯಬಾರದು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿಗಾಗಿ ಇಲ್ಲಿನ ಗದ್ದೆ, ತೋಟ, ಹಳ್ಳಿಗಳು ಮುಳುಗಿದವು. ಮುಂದೆ ಹುಲಿಗಳಿಗಾಗಿ ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳೂ ಸ್ಥಳಾಂತರಗೊಂಡವು. ‘ನಾಡಿನ ಹಿತ’ ಎಂಬ ಮಾತು ಕೇಳಿದೊಡನೆ ಮಲೆನಾಡಿಗರು ಬೆಚ್ಚುವುದು ಸುಮ್ಮನಲ್ಲ. 2013ರ ಕಸ್ತೂರಿರಂಗನ್ ವರದಿ ಈ ಮೂರೂ ತಾಲ್ಲೂಕುಗಳ ಹಲವು ಹಳ್ಳಿಗಳನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಅದು ನಿಷೇಧಿಸಬೇಕೆಂದದ್ದು ಗಣಿ, ಕಲ್ಲು ಕ್ವಾರಿ, ಕೆಂಪು ವರ್ಗದ ಕೈಗಾರಿಕೆ, ಬೃಹತ್ ಕಟ್ಟಡಗಳಂಥವನ್ನೇ ಹೊರತು ರೈತನ ಮನೆಯನ್ನಲ್ಲ. ಆದರೂ ಒಕ್ಕಲೆಬ್ಬಿಸುತ್ತಾರೆಂಬ ಭೀತಿಯೇ ಮೇಲುಗೈ ಪಡೆಯಿತು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ವಿಶ್ವಾಸ ಗಳಿಸದ ಕಾನೂನಿಗೆ ಆಗುವ ಗತಿ ಇದು.

ಮೂರನೆಯ ದಾರಿಯೊಂದಿದೆ. ಕುವೆಂಪು 1904ರಲ್ಲಿ ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ನೆರೆಯ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಆ ಕುಪ್ಪಳಿ ಮನೆಯನ್ನು ಇಂದು ಪ್ರತಿಷ್ಠಾನವೊಂದು ಜೋಪಾನ ಮಾಡಿದೆ. ಮನೆಯ ಜತೆಗೆ ಕವಿಶೈಲದ ಬಂಡೆಗಳೂ ಸುತ್ತಲ ಕಾಡೂ ಜನರ ಪಾಲಿಗೆ ಉಳಿದಿವೆ. ಕಟ್ಟಡ ಬೇರೆ, ನಿಸರ್ಗ ಬೇರೆ ಎಂದು ಅಲ್ಲಿ ಯಾರಿಗೂ ಅನ್ನಿಸುವುದಿಲ್ಲ.

ಎಲ್ಲ ಮನೆಗಳಲ್ಲೂ ರಾಷ್ಟ್ರಕವಿ ಹುಟ್ಟುವುದಿಲ್ಲ, ನಿಜ. ಆದ್ದರಿಂದಲೇ ಸಾಮಾನ್ಯ ಮನೆಗೊಂದು ನೀತಿ ಬೇಕು. ತಾಲ್ಲೂಕುವಾರು ಪಟ್ಟಿಯನ್ನು ಗ್ರಾಮಸಭೆಗಳೇ ಸಿದ್ಧಪಡಿಸಲಿ. ದುರಸ್ತಿಗೆ ಸರ್ಕಾರ ನೆರವು ಕೊಡಲಿ, ಅರಣ್ಯ ಇಲಾಖೆಯ ಡಿಪೊಗಳಿಂದ ರಿಯಾಯಿತಿ ದರದಲ್ಲಿ ಮರ ಸಿಗಲಿ. ಪ್ರತಿಯಾಗಿ ಮಾಲೀಕರು ವರ್ಷದಲ್ಲಿ ಕೆಲವು ದಿನ ಬಾಗಿಲು ತೆರೆದಿಡಲಿ. ಒಡೆತನ ಅವರದೇ ಇರಲಿ, ಹೊರೆ ಮಾತ್ರ ನಮ್ಮೆಲ್ಲರದಾಗಲಿ.

ಆ ಯಜಮಾನರು ಮನೆಯನ್ನು ಮಾರಿದ್ದು ಹಣದಾಸೆಗಲ್ಲ. ಒಬ್ಬರೇ ಹೊತ್ತು ಸೋತಿದ್ದರು. ಉಳಿದ ಮನೆಗಳ ಮುಂದೆ ಲಾರಿ ಬಂದು ನಿಲ್ಲುವ ಮುನ್ನವೇ ನಾವು ಹೆಗಲು ಕೊಡಬೇಕಾಗಿದೆ.