ಬಾಣಸಿಗನಿಗೆ ಎಲೆ ಎಲ್ಲಿ?

ಅಮೆರಿಕದಲ್ಲಿ ‘ಹಿಬಾಚಿ’ ಬಾಣಸಿಗ ಒಂದು ಸಂಜೆಯ ಬಾಡಿಗೆಗೆ ಸಿಗುತ್ತಾನೆ. ಕಾವಲಿ, ಗ್ಯಾಸು, ಸೌಟುಗಳನ್ನು ತಾನೇ ಹೊತ್ತು ತಂದು, ಹಿತ್ತಿಲಲ್ಲಿ ಒಲೆ ಹೂಡಿ, ಈರುಳ್ಳಿ ಬಿಲ್ಲೆಗಳನ್ನು ಗೋಪುರವಾಗಿ ಪೇರಿಸಿ ಅದರಿಂದ ಬೆಂಕಿ ಉಗುಳಿಸುತ್ತಾನೆ. ನೆಂಟರು ಚಪ್ಪಾಳೆ ತಟ್ಟುತ್ತಾರೆ. ನಮ್ಮ ಮಲ್ಲೇಶ್ವರಂನ ತಾರಸಿಗಳಲ್ಲಿ ಈ ಆಟಕ್ಕೆ ‘ಲೈವ್ ಕೌಂಟರ್’ ಎಂದು ಹೆಸರು. ಕಾವಲಿಯ ಮೇಲೆ ನೂಡಲ್ಸ್ ಬದಲು ದೋಸೆ ಇರಬಹುದು, ಸುತ್ತ ನಿಂತ ಮೊಬೈಲುಗಳು ಮಾತ್ರ ಅವೇ.

ಇದನ್ನು ಕಂಡು ಹಿರಿಯರು ನಿಟ್ಟುಸಿರು ಬಿಡುತ್ತಾರೆ: ‘ಅಡುಗೆ ಭಟ್ಟರ ಕಾಲವೇ ಚೆನ್ನಾಗಿತ್ತು.’ ನನ್ನ ಜಗಳ ಈ ನಿಟ್ಟುಸಿರಿನ ಜೊತೆಗೂ ಇದೆ, ಆ ಚಪ್ಪಾಳೆಯ ಜೊತೆಗೂ ಇದೆ.

ಮೊದಲು ಚಪ್ಪಾಳೆಯ ವಿಚಾರ. ಹಿಬಾಚಿ ಎಂದರೆ ಜಪಾನಿನಲ್ಲಿ ಚಳಿಗೆ ಕೈ ಕಾಯಿಸಿಕೊಳ್ಳುವ ಕೆಂಡದ ಕುಂಡ. ಅಮೆರಿಕದವರು ಆ ಹೆಸರಿಟ್ಟು ಕರೆಯುವುದು ತೆಪ್ಪನ್‌ಯಾಕಿಯನ್ನು, ಅಂದರೆ ಕಬ್ಬಿಣದ ಹಲಗೆಯ ಮೇಲಿನ ಅಡುಗೆಯನ್ನು. 1964ರಲ್ಲಿ ರಾಕಿ ಆವೊಕಿ ನ್ಯೂಯಾರ್ಕಿನಲ್ಲಿ ‘ಬೆನಿಹಾನ’ ತೆರೆದ ಮೇಲೆ ಅಲ್ಲಿ ಈ ಅಡುಗೆ ಊಟಕ್ಕಿಂತ ಹೆಚ್ಚಾಗಿ ಆಟವೆಂದು ಹೆಸರಾಯಿತು. ಆಟವಾದ ಮೇಲೆ ಬಾಣಸಿಗ ನಗಲೇಬೇಕು, ಸೌಟು ತಿರುಗಿಸಲೇಬೇಕು. ಬೆವರು ಒರೆಸಿಕೊಳ್ಳಲೂ ಅವನಿಗೆ ಮರೆಯಿಲ್ಲ. ಅವನನ್ನು ಎಲ್ಲರೂ ನೋಡುತ್ತಾರೆ, ಯಾರೂ ಗುರುತಿಸುವುದಿಲ್ಲ.

ಇನ್ನು ನಿಟ್ಟುಸಿರು. ಆ ಕಾಲದಲ್ಲಿ ಅಡುಗೆಯವರ ಮುಖ ಕಾಣುತ್ತಿತ್ತೇ? ಮದುವೆಯ ಹಿಂದಿನ ರಾತ್ರಿಯೇ ಬಂದು, ಹೊಗೆಯಲ್ಲಿ ಕಣ್ಣುಜ್ಜಿಕೊಂಡು, ಕೊಪ್ಪರಿಗೆಗಟ್ಟಲೆ ಹುಳಿ ಕುದಿಸಿದವರು ಕೊನೆಯ ಪಂಕ್ತಿ ಎದ್ದ ಮೇಲೆ ಉಳಿದದ್ದನ್ನು ಉಣ್ಣುತ್ತಿದ್ದರು. ಅವರ ಕೈರುಚಿಯನ್ನು ಹೊಗಳಿದವರೆಲ್ಲ ಅವರ ಹೆಸರು ಬಲ್ಲವರಲ್ಲ. ಅವರನ್ನು ಕರೆಸುವ ಮೊದಲು ಕೇಳುತ್ತಿದ್ದ ಮೊದಲ ಪ್ರಶ್ನೆಯೂ ರುಚಿಯದಲ್ಲ. ‘ನಮ್ಮವರೇ ತಾನೇ?’ ಈ ಪ್ರಶ್ನೆ ಸತ್ತಿಲ್ಲ. ಫೋನಿನಲ್ಲಿ ಅಡುಗೆಯವರನ್ನು ಗೊತ್ತುಮಾಡುವಾಗ ಇಂದಿಗೂ ಕೇಳುವುದನ್ನು ಇದೇ ಬಡಾವಣೆಯಲ್ಲಿ ಕಿವಿಯಾರೆ ಕೇಳಿದ್ದೇನೆ. ದೋಸೆ ಕೌಂಟರಿನವನ ಜಾತಿ ಕೇಳದವರೂ ಶ್ರಾದ್ಧದ ಅಡುಗೆಗೆ ಬರುವವರ ಜಾತಿ ಕೇಳುತ್ತಾರೆ. ಮಡಿಯ ಆ ಲೆಕ್ಕಾಚಾರವನ್ನು ಬಿಟ್ಟು ಭಟ್ಟರ ಕಾಲವನ್ನು ಹೊಗಳುವುದು ಒಗ್ಗರಣೆಯ ಪರಿಮಳಕ್ಕೆ ಮರುಳಾಗಿ ಹೊಗೆಯನ್ನು ಮರೆತ ಹಾಗೆ.

ಬೆಂಗಳೂರಿನ ಹೋಟೆಲುಗಳ ಚರಿತ್ರೆಗೂ ಈ ಮಾತು ಹೊರತಲ್ಲ. ಎಂಟಿಆರ್ ಕಟ್ಟಿದ ಮಯ್ಯ ಸಹೋದರರು ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಈ ಊರಿಗೆ ಬಂದು ಮೊದಲು ಸೇರಿದ್ದು ಉಳ್ಳವರ ಮನೆಗಳ ಅಡುಗೆ ಕೆಲಸಕ್ಕೆ. 1924ರಲ್ಲಿ ಅವರು ತೆರೆದ ಹೋಟೆಲಿಗೆ ಆಗ ಇದ್ದ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಒಲೆಯ ಮುಂದೆ ಯಾರು ನಿಂತಿದ್ದಾರೆ ಎಂಬ ಭರವಸೆಯನ್ನು ಬೋರ್ಡೇ ಕೊಡಬೇಕಿದ್ದ ಕಾಲ ಅದು. ಅದೇ ಹೋಟೆಲಿನಲ್ಲಿ ಮುಂದೆ ಗಿರಾಕಿಗಳು ಅಡುಗೆಮನೆಯನ್ನು ನೋಡಿಕೊಂಡು ಊಟಕ್ಕೆ ಹೋಗುವ ಪದ್ಧತಿ ಬಂತು. ಅದು ಚಪ್ಪಾಳೆಗಾಗಿ ಅಲ್ಲ, ಶುಚಿಯ ಖಾತರಿಗಾಗಿ. ಮನೆಯೊಡೆಯರ ಅಡುಗೆಮನೆಯಿಂದ ಹೊರಬಿದ್ದು, ತಮ್ಮದೇ ಅಡುಗೆಮನೆಗೆ ಊರನ್ನು ಕರೆದವರ ಕಥೆ ಇದು. ಮನೆಗೆ ಬಂದ ಅಡುಗೆಯವರು ಅಲ್ಲಿಯೇ ಉಳಿಯಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಬೋರ್ಡಿನ ಮೇಲಿದ್ದ ಆ ಜಾತಿಯ ಬಲವಿಲ್ಲದ ಎಷ್ಟು ಒಳ್ಳೆಯ ಕೈಗಳಿಗೆ ಈ ದಾರಿಯೇ ತೆರೆದಿರಲಿಲ್ಲ?

ಕಾವ್ಯ ಓದುವ ಗೆಳೆಯರಿಗೆ ಒಂದು ಮಾತು. ಅಜ್ಞಾತವಾಸದಲ್ಲಿ ಭೀಮ ವಿರಾಟನ ಅಡುಗೆಮನೆ ಸೇರಿ ವಲಲನಾದ. ನಳ ಬಾಹುಕನಾಗಿ ಋತುಪರ್ಣನ ಬಳಿ ಕುದುರೆಗಳನ್ನೂ ನೋಡಿಕೊಂಡ, ಅಡುಗೆಯನ್ನೂ ಮಾಡಿದ. ಇದನ್ನು ನಾವು ಪಾಕಶಾಸ್ತ್ರದ ಹೆಮ್ಮೆಯೆಂದು ಓದುತ್ತೇವೆ. ನನಗೆ ಇನ್ನೊಂದು ಕಾಣುತ್ತದೆ. ರಾಜರು ತಲೆಮರೆಸಿಕೊಳ್ಳಲು ಇಂಥ ಊಳಿಗವೇ ತಕ್ಕದ್ದು ಎಂದು ಕವಿಗಳಿಗೂ ಗೊತ್ತಿತ್ತು, ಏಕೆಂದರೆ ಆಳಿನ ಮುಖವನ್ನು ಯಾರೂ ದಿಟ್ಟಿಸಿ ನೋಡುವುದಿಲ್ಲ. ದಮಯಂತಿ ಮಾತ್ರ ಬಾಹುಕ ಬೇಯಿಸಿದ್ದನ್ನು ಬಾಯಿಗಿಟ್ಟು, ಇದು ಇಂಥವನ ಕೈ ಎಂದು ಗುರುತಿಸಿದಳು. ಉಂಡವರು ಅಡಿದವರಿಗೆ ಸಲ್ಲಿಸಬಹುದಾದ ಮರ್ಯಾದೆ ಅದು. ತಾರಸಿಯ ಚಪ್ಪಾಳೆ ಅದರ ಹತ್ತಿರವೂ ಬಾರದು.

‘ದುಡ್ಡು ಕೊಡುತ್ತೇವಲ್ಲ, ಮರ್ಯಾದೆಯನ್ನೂ ಬೇರೆ ಕೊಡಬೇಕೆ?’ ಎನ್ನುವವರಿದ್ದಾರೆ. ದುಡ್ಡಿನ ಮಾತೇ ಆಡೋಣ. 2004ರಲ್ಲಿ ಕರ್ನಾಟಕ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿತು. ಅಂಥ ಒಂದು ದರ ಇದೆಯೆಂದು ನಮ್ಮಲ್ಲಿ ಎಷ್ಟು ಮನೆಗಳಿಗೆ ಗೊತ್ತು? ದಿನವೂ ಬರುವವರ ಪಾಡೇ ಹೀಗಿರುವಾಗ, ಒಂದು ಸಂಜೆಗೆ ಬಂದುಹೋಗುವವರ ಲೆಕ್ಕ ಇನ್ನೂ ಬಾಯಿಮಾತಿನದು. ಏಳು ಗಂಟೆಯ ನೆಂಟರು ಒಂಬತ್ತಕ್ಕೆ ಬಂದರೆ ಆ ಎರಡು ಗಂಟೆ ಯಾರ ಖಾತೆಗೆ? ಪಾತ್ರೆ ತೊಳೆಯುವ ಹೆಂಗಸಿಗೆ ಮೈಸೂರು ಪಾಕಿನ ಪೊಟ್ಟಣವನ್ನಷ್ಟೇ ಕೈಗಿಟ್ಟರೆ ಅದು ಕೂಲಿಯೇ?

ಅಡುಗೆಯವರನ್ನು ಕರೆಸಬೇಡಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಆ ಕೆಲಸ ಮನೆಯ ಹೆಂಗಸರ ಹೆಗಲಿಗೇ ಮರಳುತ್ತದೆ, ಅವರಿಗೆ ಚಪ್ಪಾಳೆಯೂ ಇಲ್ಲ, ಕೂಲಿಯೂ ಇಲ್ಲ. ಕರೆಸಿ. ಜಾತಿ ಕೇಳಬೇಡಿ, ಹೆಸರು ಕೇಳಿ. ಗಂಟೆ ಎಷ್ಟು, ಹಣ ಎಷ್ಟು ಎಂಬುದನ್ನು ಮೊದಲೇ ಬರೆದು ಗೊತ್ತುಮಾಡಿ. ಉಳಿದರೆ ಉಣ್ಣಲಿ ಎನ್ನದೆ, ನೆಂಟರ ಸಾಲಿನಲ್ಲೇ ಅವರಿಗೂ ಒಂದು ಎಲೆ ಹಾಕಿ, ಬಿಸಿ ಇರುವಾಗಲೇ ಬಡಿಸಿ. ಇಷ್ಟು ಮಾಡಲಾಗದ ಮನೆಗೆ ಭಟ್ಟರ ಕಾಲವನ್ನು ನೆನೆದು ನಿಟ್ಟುಸಿರು ಬಿಡುವ ಹಕ್ಕೂ ಇಲ್ಲ, ಹೊಸ ಕಾಲದ ಬೆಂಕಿಯಾಟಕ್ಕೆ ಚಪ್ಪಾಳೆ ತಟ್ಟುವ ಹಕ್ಕೂ ಇಲ್ಲ.