ತಪ್ಪು ಮಾರಾಟಗಾರನದ್ದು, ನಷ್ಟ ಗ್ರಾಹಕನದ್ದೇ?

2014ರ ಡಿಸೆಂಬರ್ ತಿಂಗಳಲ್ಲಿ ಒಡಿಶಾದ ಕಾನೂನು ವಿದ್ಯಾರ್ಥಿಯೋರ್ವರು ಅಮೆಜಾನ್ ತಾಣದಲ್ಲಿ ಒಂದು ಲ್ಯಾಪ್‌ಟಾಪನ್ನು ಕಂಡರು. 23,499 ರೂಪಾಯಿ ಬೆಲೆಯ ಆ ಲ್ಯಾಪ್‌ಟಾಪ್ ರಿಯಾಯಿತಿ ದರದಲ್ಲಿ ಕೇವಲ 190 ರೂಪಾಯಿಗೆ ಲಭ್ಯವಿದೆಯೆಂದು ಅಲ್ಲಿ ನಮೂದಿಸಲಾಗಿತ್ತು. ಅವರು ಆರ್ಡರ್ ಮಾಡಿದರು. ಅದು ದೃಢಪಟ್ಟಿತು ಕೂಡ. ಆದರೆ ಸುಮಾರು ಎರಡು ಗಂಟೆಗಳ ಬಳಿಕ ಕಂಪೆನಿಯಿಂದ ಕರೆ ಬಂತು. ಬೆಲೆಯಲ್ಲಿ ತೊಂದರೆಯಾಗಿರುವುದರಿಂದ ಆರ್ಡರನ್ನು ರದ್ದುಪಡಿಸಲಾಗಿದೆ ಎಂಬುದು ಆ ಕರೆಯ ಸಾರಾಂಶ. ವಿದ್ಯಾರ್ಥಿ ಸುಮ್ಮನಾಗಲಿಲ್ಲ. ಜಿಲ್ಲಾ ಗ್ರಾಹಕ ವೇದಿಕೆಯ ಮೆಟ್ಟಿಲೇರಿದರು. ಅಲ್ಲಿ ಸಿಕ್ಕ ಪರಿಹಾರ ಸಾಲದೆಂದು ರಾಜ್ಯ ಆಯೋಗಕ್ಕೂ ಹೋದರು. ಕೊನೆಗೆ 2021ರಲ್ಲಿ ಒಡಿಶಾ ರಾಜ್ಯ ಗ್ರಾಹಕ ಆಯೋಗವು ಅವರಿಗೆ 40 ಸಾವಿರ ರೂಪಾಯಿ ಪರಿಹಾರವನ್ನೂ 5 ಸಾವಿರ ರೂಪಾಯಿ ವ್ಯಾಜ್ಯದ ವೆಚ್ಚವನ್ನೂ ನೀಡುವಂತೆ ಕಂಪೆನಿಗೆ ಆದೇಶಿಸಿತು. ಬೆಲೆಯನ್ನು ಪ್ರಕಟಿಸಿ, ಆರ್ಡರನ್ನು ದೃಢಪಡಿಸಿದ ಮೇಲೆ ಒಪ್ಪಂದ ಪೂರ್ಣಗೊಂಡಿತು ಎಂಬುದು ಆಯೋಗದ ನಿಲುವಾಗಿತ್ತು.

ಆದರೆ ಇಂಥ ಹೋರಾಟಕ್ಕೆ ಇಳಿಯುವವರೆಷ್ಟು ಮಂದಿ? ಹಬ್ಬದ ರಿಯಾಯಿತಿ ಮಾರಾಟದ ದಿನ, ಮಗಳ ಓದಿಗೆಂದು ಕೂಡಿಟ್ಟ ಹಣದಿಂದ ತಂದೆಯೋರ್ವ ಮೊಬೈಲ್ ಖರೀದಿಸುತ್ತಾನೆಂದು ಇಟ್ಟುಕೊಳ್ಳೋಣ. ಹಣ ಆ ಕ್ಷಣವೇ ಖಾತೆಯಿಂದ ಹೋಗುತ್ತದೆ. ಎರಡು ದಿನಗಳ ಬಳಿಕ, ದರದಲ್ಲಿ ತಪ್ಪಾಗಿದೆ, ಆರ್ಡರ್ ರದ್ದಾಗಿದೆ ಎಂಬ ಒಂದು ಸಾಲಿನ ಸಂದೇಶ ಬರುತ್ತದೆ. ಹೋದ ಹಣ ಮರಳಲು ಹಲವು ದಿನ ಬೇಕು. ಅಷ್ಟರಲ್ಲಿ ರಿಯಾಯಿತಿಯ ಅವಧಿ ಮುಗಿದಿರುತ್ತದೆ. ಆ ತಂದೆಗಾದ ನಷ್ಟಕ್ಕೆ ಯಾರು ಹೊಣೆ? ಹಣ ಮರಳಿಸಿದ್ದೇವಲ್ಲ, ಇನ್ನೇನು ಬೇಕು ಎಂದು ಕಂಪೆನಿ ಕೇಳುತ್ತದೆ. ಈ ಉತ್ತರ ಸಾಕೇ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಹಾಗಂತ, ಮಾರಾಟಗಾರರಿಂದ ತಪ್ಪೇ ಆಗಬಾರದೆಂದು ನಾವು ವಾದಿಸುವುದಿಲ್ಲ. ಇಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಸಾವಿರಾರು ವಸ್ತುಗಳ ದರವನ್ನು ಕ್ಷಣಕ್ಷಣಕ್ಕೂ ಬದಲಿಸುವುದು ತಂತ್ರಾಂಶಗಳು. 2014ರ ಡಿಸೆಂಬರ್ 12ರಂದು ಸಂಜೆ ಬ್ರಿಟನ್ನಿನಲ್ಲಿ ಏನಾಯಿತೆಂಬುದನ್ನು ನೆನಪಿಸಿಕೊಳ್ಳಬೇಕು. ರಿಪ್ರೈಸರ್ ಎಕ್ಸ್‌ಪ್ರೆಸ್ ಎಂಬ ದರ ನಿಗದಿ ತಂತ್ರಾಂಶದಲ್ಲಿ ದೋಷ ಕಾಣಿಸಿಕೊಂಡು, ಸುಮಾರು ಒಂದು ಗಂಟೆಯ ಕಾಲ ಅಮೆಜಾನ್‌ನಲ್ಲಿ ಹಲವು ವ್ಯಾಪಾರಿಗಳ ಸರಕುಗಳು ಕೇವಲ ಒಂದು ಪೆನ್ನಿಗೆ ಮಾರಾಟವಾದವು. ಹೆಚ್ಚಿನ ಆರ್ಡರ್‌ಗಳನ್ನು ರದ್ದುಪಡಿಸಲಾಯಿತಾದರೂ ಕೆಲವು ಸರಕುಗಳು ಅದಾಗಲೇ ಗೋದಾಮಿನಿಂದ ಹೊರಟಿದ್ದವು. ಪೆಟ್ಟು ಬಿದ್ದುದು ದೊಡ್ಡ ಕಂಪೆನಿಗಲ್ಲ. ಮನೆಮಂದಿಯೇ ಸೇರಿ ನಡೆಸುತ್ತಿದ್ದ ಪುಟ್ಟ ವ್ಯಾಪಾರಗಳಿಗೆ. ಇಂಥ ತಪ್ಪನ್ನು ಸರಿಪಡಿಸುವ ಅವಕಾಶವೇ ಇರಬಾರದೆನ್ನುವುದು ನ್ಯಾಯವಲ್ಲ. ವ್ಯಾಪಾರ ಎಂಬುದು ಎದುರಾಳಿಯ ಎಡವಟ್ಟಿಗಾಗಿ ಕಾದು ಕೂರುವ ಜೂಜಾಟವೂ ಅಲ್ಲ.

ಇಲ್ಲಿ ಗ್ರಾಹಕರೂ ತಮ್ಮನ್ನು ತಾವು ಪ್ರಶ್ನಿಸಿಕೊಳ್ಳಬೇಕಾದ ಅಗತ್ಯವಿದೆ. 2003ರ ಜನವರಿಯಲ್ಲಿ ಸಿಂಗಾಪುರದ ಡಿಜಿಲ್ಯಾಂಡ್‌ಮಾಲ್ ಎಂಬ ಸಂಸ್ಥೆಯ ತಾಣದಲ್ಲಿ 3,854 ಸಿಂಗಾಪುರ ಡಾಲರ್ ಬೆಲೆಯ ಲೇಸರ್ ಪ್ರಿಂಟರ್‌ನ ದರ 66 ಡಾಲರ್ ಎಂದು ಪ್ರಕಟವಾಯಿತು. ಸಿಬ್ಬಂದಿ ತರಬೇತಿಗೆಂದು ತಯಾರಿಸಿದ್ದ ಅಂಕಿಗಳು ಕೈತಪ್ಪಿ ತಾಣಕ್ಕೆ ಸೇರಿದ್ದವು. ಸುದ್ದಿ ಹಬ್ಬಿತು. 784 ಮಂದಿ ಒಟ್ಟು 4,086 ಪ್ರಿಂಟರ್‌ಗಳಿಗೆ ಆರ್ಡರ್ ಮಾಡಿದರು. ಅವರಲ್ಲಿ ಆರು ಮಂದಿಯೇ 1,606 ಪ್ರಿಂಟರ್‌ಗಳನ್ನು ಕೇಳಿದ್ದರು. ಸಂಸ್ಥೆ ನಿರಾಕರಿಸಿದಾಗ ಈ ಆರು ಮಂದಿ ನ್ಯಾಯಾಲಯಕ್ಕೆ ಹೋದರು. ಅವರು ಅನಕ್ಷರಸ್ಥರಾಗಿರಲಿಲ್ಲ, ಬಡವರೂ ಆಗಿರಲಿಲ್ಲ. ದರ ತಪ್ಪಾಗಿದೆಯೆಂಬುದು ಗೊತ್ತಿದ್ದೂ ಅದರ ಲಾಭ ಪಡೆಯಲು ಹೊರಟವರಿಗೆ ಕಾನೂನಿನ ರಕ್ಷಣೆ ಇಲ್ಲವೆಂದು 2004ರಲ್ಲಿ ಅಲ್ಲಿನ ಹೈಕೋರ್ಟ್ ತೀರ್ಪಿತ್ತಿತು. 2005ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿ ಹಿಡಿಯಿತು. ನಮ್ಮ ಬೀದಿಯ ಅಂಗಡಿಯಾತ ನೂರರ ಬದಲು ಐನೂರರ ನೋಟು ಮರಳಿಸಿದರೆ ಅದನ್ನು ಜೇಬಿಗಿಳಿಸಿ ಮನೆಗೆ ಬರುವುದನ್ನು ನಾವು ಜಾಣತನವೆನ್ನುವುದಿಲ್ಲ. ಮೊಬೈಲ್ ಪರದೆಯ ಮೇಲೆ ಅದೇ ಕೆಲಸ ಮಾಡಿದರೆ ಅದರ ಹೆಸರು ಬದಲಾಗುತ್ತದೆಯೇ?

ಆದರೆ ಎಲ್ಲ ತಪ್ಪುಗಳೂ ಸಿಂಗಾಪುರದ ಪ್ರಿಂಟರ್‌ನಂತೆ ಕಣ್ಣಿಗೆ ರಾಚುವುದಿಲ್ಲ. 15 ಸಾವಿರದ ಮೊಬೈಲನ್ನು 11 ಸಾವಿರಕ್ಕೆ ನಮೂದಿಸಿದ್ದರೆ ಅದು ತಪ್ಪೆಂದು ಗ್ರಾಹಕನಿಗೆ ತಿಳಿಯುವುದಾದರೂ ಹೇಗೆ? ಅರ್ಧ ಬೆಲೆ, ಶೇಕಡಾ 80 ರಿಯಾಯಿತಿ, ಇಂದು ರಾತ್ರಿ 12ರವರೆಗೆ ಮಾತ್ರ ಎಂದೆಲ್ಲ ಪುಟ ತುಂಬ ಜಾಹೀರಾತು ನೀಡಿ, ಅಸಾಧ್ಯವಾದ ದರವನ್ನೂ ನಂಬುವಂತೆ ಜನರನ್ನು ಪಳಗಿಸಿದವರು ಇದೇ ಕಂಪೆನಿಗಳಲ್ಲವೇ? ಹಾಗೆ ನಂಬಿ ಹಣ ತೆತ್ತವನನ್ನು ಬಳಿಕ ದುರಾಸೆಯವನೆಂಬಂತೆ ನೋಡುವುದು ಯಾವ ನ್ಯಾಯ?

ನಮ್ಮ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಇಬ್ಬರಲ್ಲಿ ಒಬ್ಬ ವಾಸ್ತವಾಂಶವೊಂದರ ಬಗ್ಗೆ ತಪ್ಪು ತಿಳಿದಿದ್ದ ಎಂಬ ಒಂದೇ ಕಾರಣಕ್ಕೆ ಕರಾರನ್ನು ರದ್ದುಪಡಿಸುವಂತಿಲ್ಲ. ವಸ್ತುವಿನ ಮೌಲ್ಯದ ಬಗ್ಗೆ ಇರುವ ತಪ್ಪು ಅಭಿಪ್ರಾಯವನ್ನು ವಾಸ್ತವಾಂಶದ ತಪ್ಪೆಂದು ಪರಿಗಣಿಸಲಾಗದೆಂದು 20ನೇ ಸೆಕ್ಷನ್‌ನ ವಿವರಣೆ ಹೇಳುತ್ತದೆ. ಹಾಗಿದ್ದರೆ ಕಂಪೆನಿಗಳು ಇಷ್ಟು ನಿರಾಳವಾಗಿ ಆರ್ಡರ್‌ಗಳನ್ನು ರದ್ದುಪಡಿಸುವುದು ಹೇಗೆ?

ಗುಟ್ಟು ಇರುವುದು, ಯಾರೂ ಓದದ ಷರತ್ತುಗಳಲ್ಲಿ. ಆರ್ಡರ್ ತಲುಪಿದೆ ಎಂಬ ಸಂದೇಶ ಬರಿಯ ಸ್ವೀಕೃತಿ ಪತ್ರ, ಸರಕನ್ನು ರವಾನಿಸಿದ ಬಳಿಕವೇ ಕರಾರು ಏರ್ಪಡುತ್ತದೆ ಎಂದು ಅನೇಕ ತಾಣಗಳು ಬರೆದಿಟ್ಟುಕೊಂಡಿವೆ. ಅಂದರೆ ಹಣ ಪಡೆಯುವ ಹೊತ್ತಿಗೆ ವ್ಯಾಪಾರ ಮುಗಿದಿದೆ, ಸರಕು ಕೊಡುವ ಹೊತ್ತಿಗೆ ಮಾತ್ರ ವ್ಯಾಪಾರ ಇನ್ನೂ ಆರಂಭವೇ ಆಗಿಲ್ಲ! 2002ರ ಆರಂಭದಲ್ಲಿ ಬ್ರಿಟನ್ನಿನಲ್ಲಿ ಕೊಡಾಕ್ ಕಂಪೆನಿ 329 ಪೌಂಡ್‌ಗಳ ಕ್ಯಾಮರಾವನ್ನು ತಪ್ಪಾಗಿ 100 ಪೌಂಡ್‌ಗಳಿಗೆ ನಮೂದಿಸಿತ್ತು. ಗ್ರಾಹಕರಿಗೆ ದೃಢೀಕರಣದ ಸಂದೇಶವೂ ಹೋಗಿತ್ತು. ಮೊದಲು ನಿರಾಕರಿಸಿದ ಕಂಪೆನಿ, ಗ್ರಾಹಕರು ಪಟ್ಟು ಹಿಡಿದಾಗ ಅದೇ ದರಕ್ಕೆ ಕ್ಯಾಮರಾ ನೀಡಲು ಒಪ್ಪಿತು. ಕೊಟ್ಟ ಮಾತಿಗೆ ಬೆಲೆಯಿದೆ ಎಂದು ಅಲ್ಲಿ ಸಾಬೀತಾಯಿತು. ಇಂದಿನ ಷರತ್ತುಗಳು ಮಾಡುತ್ತಿರುವುದಾದರೂ ಏನು? ಮಾತು ಕೊಟ್ಟಂತೆ ತೋರಿಸಿ, ಕೊಡದೇ ಇರುವ ದಾರಿಯನ್ನು ಉಳಿಸಿಕೊಳ್ಳುವುದು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಕರಾರನ್ನು ಕೊನೆಗೊಳಿಸುವ ಹಕ್ಕನ್ನು ಒಬ್ಬರಿಗೆ ನೀಡುವ ಷರತ್ತನ್ನು ನ್ಯಾಯಯುತವಲ್ಲದ ಕರಾರುಗಳ ಸಾಲಿಗೆ ಸೇರಿಸಿದೆ. 2020ರ ಇ-ವಾಣಿಜ್ಯ ನಿಯಮಗಳಲ್ಲಿ ಇನ್ನೊಂದು ಗಮನಾರ್ಹ ಅಂಶವಿದೆ. ಕಂಪೆನಿ ತಾನಾಗಿ ಆರ್ಡರ್ ರದ್ದುಪಡಿಸಿದಾಗ ಅಂಥದ್ದೇ ಶುಲ್ಕವನ್ನು ತಾನೂ ಭರಿಸದ ಹೊರತು, ಆರ್ಡರ್ ರದ್ದುಪಡಿಸಿದ ಗ್ರಾಹಕನಿಗೆ ಶುಲ್ಕ ವಿಧಿಸುವಂತಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ನಿಯಮದ ಆಶಯ ಒಳ್ಳೆಯದೇ. ಆದರೆ ಇಬ್ಬರಿಗೂ ಶುಲ್ಕವಿಲ್ಲ ಎಂದಾಗ, ರದ್ದುಪಡಿಸುವುದು ಕಂಪೆನಿಗೆ ಪುಕ್ಕಟೆಯಾಗುತ್ತದೆ. ತಪ್ಪಿಗೆ ಬೆಲೆ ತೆರಬೇಕಾಗಿಲ್ಲದವನು ತಪ್ಪನ್ನು ತಡೆಯಲು ಏಕೆ ಶ್ರಮಿಸುತ್ತಾನೆ?

ಇನ್ನೂ ಒಂದು ಅನುಮಾನವಿದೆ. ಕಡಿಮೆ ದರ ತೋರಿಸಿ ಜನರನ್ನು ತಾಣಕ್ಕೆ ಸೆಳೆದು, ಬಳಿಕ ತಪ್ಪಾಯಿತೆಂದು ಕೈ ತೊಳೆದುಕೊಳ್ಳುವುದು ತಪ್ಪೋ, ತಂತ್ರವೋ? 2022ರ ಜಾಹೀರಾತು ಮಾರ್ಗಸೂಚಿಗಳು ಆಮಿಷದ ಜಾಹೀರಾತುಗಳ ಮೇಲೆ ಷರತ್ತು ವಿಧಿಸಿವೆ. ಆನ್‌ಲೈನ್‌ನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು 2023ರ ನವೆಂಬರ್‌ನಲ್ಲಿ ಹೊರಡಿಸಲಾದ ಮಾರ್ಗಸೂಚಿ ಪಟ್ಟಿ ಮಾಡಿದೆ. ಒಂದನ್ನು ತೋರಿಸಿ ಇನ್ನೊಂದನ್ನು ಅಂಟಿಸುವುದೂ ಅದರಲ್ಲಿದೆ. ಆದರೆ ಯಾವ ಕಂಪೆನಿ ಯಾವ ಕಾರಣಕ್ಕೆ ಎಷ್ಟು ಆರ್ಡರ್‌ಗಳನ್ನು ರದ್ದುಪಡಿಸಿತೆಂಬ ಲೆಕ್ಕ ಜನರ ಮುಂದೆ ಇಲ್ಲದಿದ್ದರೆ, ಪ್ರಾಮಾಣಿಕ ತಪ್ಪನ್ನೂ ಉದ್ದೇಶಪೂರ್ವಕ ವಂಚನೆಯನ್ನೂ ಬೇರ್ಪಡಿಸುವುದು ಹೇಗೆ?

ಆದ್ದರಿಂದ ಪರಿಹಾರ ಸರಳವಾಗಿರಲಿ. ಯಾರು ನೋಡಿದರೂ ತಪ್ಪೆಂದು ಗೊತ್ತಾಗುವ ದರವಾಗಿದ್ದರೆ ಆರ್ಡರ್ ರದ್ದುಪಡಿಸುವ ಅವಕಾಶವಿರಲಿ. ಆದರೆ ಅದಕ್ಕೆ ಕಾಲಮಿತಿ ಇರಲಿ, ಕಾರಣವನ್ನು ಲಿಖಿತವಾಗಿ ತಿಳಿಸಲಿ, ಹಣ ಅದೇ ದಿನ ಮರಳಲಿ. ಗ್ರಾಹಕ ಸಹಜವಾಗಿ ನಂಬಬಹುದಾದ ದರವಾಗಿದ್ದರೆ ಕಂಪೆನಿ ಆ ದರಕ್ಕೇ ಸರಕು ನೀಡಲಿ, ಇಲ್ಲವೇ ಅದರ ನಷ್ಟ ತುಂಬಿಕೊಡಲಿ. ತಾಣ ನಡೆಸುವ ಕಂಪೆನಿಯ ದೋಷದಿಂದ ತಪ್ಪಾಗಿದ್ದರೆ ಅದರ ಹೊರೆಯನ್ನು ಸಣ್ಣ ವ್ಯಾಪಾರಿಯ ಹೆಗಲಿಗೆ ಹೊರಿಸದಿರಲಿ. ರದ್ದಾದ ಆರ್ಡರ್‌ಗಳ ಲೆಕ್ಕ ವರ್ಷಕ್ಕೊಮ್ಮೆ ಪ್ರಕಟವಾಗಲಿ.

ಅದಾಗುವವರೆಗೆ ಗ್ರಾಹಕರು ಕೈಕಟ್ಟಿ ಕೂರಬೇಕಿಲ್ಲ. ದರ ನಮೂದಾದ ಪುಟದ ಚಿತ್ರ, ದೃಢೀಕರಣದ ಸಂದೇಶ ಮತ್ತು ಹಣ ಪಾವತಿಯ ದಾಖಲೆಯನ್ನು ಜೋಪಾನವಾಗಿಡಬೇಕು. ಕಂಪೆನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರಿಗೆ ಸ್ವೀಕೃತಿ ನೀಡಬೇಕು, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು ಎಂಬುದು ನಿಯಮ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿಯೂ ಪರಿಹಾರ ಸಿಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪೆನಿಯ ಕಚೇರಿ ಎಲ್ಲೇ ಇರಲಿ, ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು. ತೆತ್ತ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವೂ ಇಲ್ಲ.

ಬೀದಿಯ ಅಂಗಡಿಯಾತನೂ ದರ ತಪ್ಪಿ ಹೇಳುವುದುಂಟು. ಆದರೆ ಆತ ಗ್ರಾಹಕನ ಮುಖ ನೋಡಿ, ತಪ್ಪಾಯಿತು ಎನ್ನುತ್ತಾನೆ. ಸಾಧ್ಯವಾದರೆ ಒಂದಿಷ್ಟು ಬಿಟ್ಟುಕೊಡುತ್ತಾನೆ. ಯಾಕೆಂದರೆ ನಾಳೆಯೂ ಅದೇ ಗ್ರಾಹಕನ ಮುಖ ನೋಡಬೇಕಾಗಿದೆ. ಮುಖವಿಲ್ಲದ ಮಾರುಕಟ್ಟೆಯಲ್ಲಿ ಆ ಅಳುಕನ್ನು ಕಾನೂನೇ ಹುಟ್ಟಿಸಬೇಕು. ಒಡಿಶಾದ ಆ ವಿದ್ಯಾರ್ಥಿಗೆ ನ್ಯಾಯ ಸಿಗಲು ಆರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಅವರಿಗೆ ಕಾನೂನು ಗೊತ್ತಿತ್ತು. ಗೊತ್ತಿಲ್ಲದ ಕೋಟ್ಯಂತರ ಗ್ರಾಹಕರು ಎಷ್ಟು ಕಾಲ ಕಾಯಬೇಕು?