ಕ್ಯಾಮೆರಾದ ಅಗುಳಿ ಯಾರ ಕೈಯಲ್ಲಿ?

ಲ್ಯಾಪ್‌ಟಾಪಿನ ನೆತ್ತಿಯ ಮೇಲೆ ಕುಳಿತ ಪುಟ್ಟ ಕ್ಯಾಮೆರಾವು 2020ರಿಂದೀಚೆಗೆ ಕಚೇರಿಯ ಸಭೆಗೂ ನ್ಯಾಯಾಲಯದ ಕಲಾಪಕ್ಕೂ ಮಕ್ಕಳ ಪಾಠಕ್ಕೂ ಬೇಕಾದ ವಸ್ತುವಾಗಿದೆ. ಅದನ್ನು ಮುಚ್ಚಲು ಅನೇಕ ತಯಾರಕರು ಒಂದು ಗುಂಡಿಯನ್ನೋ ಜಾರುವ ಮುಚ್ಚಳವನ್ನೋ ಇಟ್ಟಿರುವುದು ಸಂತೋಷದ ಸಂಗತಿಯೇ. ಆದರೆ ಆ ಗುಂಡಿಯನ್ನು ಒತ್ತಿದಾಗ ನಿಜವಾಗಿ ಆಗುವುದೇನು? ಈ ಪ್ರಶ್ನೆಗೆ ಎಲ್ಲ ಯಂತ್ರಗಳಲ್ಲಿಯೂ ಒಂದೇ ಉತ್ತರವಿಲ್ಲ.

ಕೆಲವುಗಳಲ್ಲಿ ಮುಚ್ಚಳವು ಮಸೂರವನ್ನೇ ಮರೆಮಾಡುತ್ತದೆ. ಕೆಲವುಗಳಲ್ಲಿ ಗುಂಡಿಯು ಕ್ಯಾಮೆರಾದ ಸಂಪರ್ಕವನ್ನೇ ಕಡಿಯುತ್ತದೆ. ಇನ್ನು ಕೆಲವುಗಳಲ್ಲಿ ಅದು ಒಂದು ಸಂಜ್ಞೆಯನ್ನು ಮಾತ್ರ ಕೊಡುತ್ತದೆ. ಕ್ಯಾಮೆರಾದೊಳಗಿನ ತಂತ್ರಾಂಶವು ಪಾಲಿಸಿದರುಂಟು, ಇಲ್ಲದಿದ್ದರಿಲ್ಲ. ಮೊದಲನೆಯದು ಬಾಗಿಲಿಗೆ ಹಾಕಿದ ಅಗುಳಿ. ಕಡೆಯದು 'ಒಳಗೆ ಬರಬಾರದು' ಎಂದು ತೂಗುಹಾಕಿದ ಹಲಗೆ. ಈ ಎರಡನ್ನೂ ಬಳಕೆದಾರನಿಗೆ ಒಂದೇ ಚಿಹ್ನೆಯಿಂದ ತೋರಿಸುವುದು ಅನ್ಯಾಯವೆಂದು ನಾವು ಹೇಳಲೇಬೇಕಾಗಿದೆ.

ಲಿನಕ್ಸಿನ ವಿಡಿಯೋ ವ್ಯವಸ್ಥೆಯ ಕಟ್ಟಳೆಯನ್ನು ನೋಡಿರಿ. ಗೋಪ್ಯತೆಯನ್ನು ಯಾಂತ್ರಿಕ ಮುಚ್ಚಳದಿಂದಲೂ ಸಾಧಿಸಬಹುದು, ಒಳತಂತ್ರಾಂಶದಿಂದಲೂ ಸಾಧಿಸಬಹುದು. ಅದರ ಸ್ಥಿತಿಯನ್ನು ಓದಲು ಅವಕಾಶವಿರಲೇಬೇಕು, ಬದಲಾಯಿಸಲು ಅವಕಾಶವಿದ್ದರೂ ಇರಬಹುದು ಎಂಬುದು ಅದರ ತಾತ್ಪರ್ಯ. ಓದುವುದಕ್ಕೆ ನಮ್ಮ ತಕರಾರಿಲ್ಲ. ಮನೆಯ ಯಜಮಾನನು ಕೈಯಾರೆ ಹಾಕಿದ ಅಗುಳಿಯನ್ನು ತೆಗೆಯುವ ಅಧಿಕಾರವು ಡ್ರೈವರಿಗೆ ಏಕೆ? ಡ್ರೈವರು ಸೇವಕನು, ಅಗುಳಿ ಬಿದ್ದಿದೆಯೇ ಇಲ್ಲವೇ ಎಂದು ಬಂದು ಹೇಳುವುದಷ್ಟೇ ಅವನ ಕೆಲಸವಾಗತಕ್ಕದ್ದು.

ಹೇಳುವುದರಲ್ಲಿಯೂ ಒಂದು ಕ್ರಮವುಂಟು. ಸ್ಥಿತಿಯನ್ನು ತಿಳಿಯಲು ಕ್ಯಾಮೆರಾವನ್ನೇ ತೆರೆಯಬೇಕಾದರೆ, ಮುಚ್ಚಿದೆಯೇ ಎಂದು ಕೇಳುವುದಕ್ಕಾಗಿಯೇ ಅದನ್ನು ಎಬ್ಬಿಸಿದಂತಾಗುತ್ತದೆ. ಲಿನಕ್ಸಿನಲ್ಲಿಯೇ ಇದಕ್ಕಿಂತ ಉತ್ತಮವಾದ ಇನ್ನೊಂದು ದಾರಿಯಿದೆ: ಮಸೂರದ ಮುಚ್ಚಳದ ಸ್ಥಿತಿಯನ್ನು ಕೀಲಿಮಣೆಯ ಸುದ್ದಿಯಂತೆ ಪ್ರತ್ಯೇಕವಾಗಿ ತಿಳಿಸುವುದು. ಎಲ್ಲ ಡ್ರೈವರುಗಳೂ ಈ ದಾರಿಯನ್ನೇ ಹಿಡಿಯುವುದು ಯುಕ್ತ. ಸಂಪರ್ಕ ಕಡಿದಾಗ ಕ್ಯಾಮೆರಾವು ಹೇಳದೆ ಕೇಳದೆ ಮಾಯವಾಗುವುದೂ ಸರಿಯಲ್ಲ. ಕಲಾಪದ ನಡುವೆ ವಕೀಲರೊಬ್ಬರು ಯಂತ್ರ ಕೆಟ್ಟಿತೆಂದು ಪರದಾಡುವುದಕ್ಕಿಂತ, 'ಗುಂಡಿಯಿಂದ ಮುಚ್ಚಲ್ಪಟ್ಟಿದೆ' ಎಂಬ ಒಂದು ಸಾಲು ತೆರೆಯ ಮೇಲೆ ಬಂದರೆ ಸಾಕು.

ದೀಪ ಉರಿಯುತ್ತದಲ್ಲ, ಅದೇ ಸಾಲದೇ ಎನ್ನುವವರಿದ್ದಾರೆ. ಸಾಲದು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ, ಹಳೆಯ ಮ್ಯಾಕ್‌ಬುಕ್‌ಗಳ ಕ್ಯಾಮೆರಾದ ಒಳತಂತ್ರಾಂಶವನ್ನು ತಿದ್ದಿ, ದೀಪ ಹತ್ತದಂತೆಯೇ ಚಿತ್ರ ತೆಗೆಯಬಹುದೆಂದು ಸಿದ್ಧಪಡಿಸಿ ತೋರಿಸಿದರು. 2024ರಲ್ಲಿ ಥಿಂಕ್‌ಪ್ಯಾಡ್ ಎಕ್ಸ್ 230 ಎಂಬ ಯಂತ್ರದ ಮೇಲೆಯೂ ಇಂಥದೇ ಪ್ರಯೋಗ ಫಲಿಸಿತು. ತಂತ್ರಾಂಶದ ಹಿಡಿತದಲ್ಲಿರುವ ದೀಪವು ತಂತ್ರಾಂಶ ಹೇಳಿದಂತೆ ಕುಣಿಯುತ್ತದೆ. ಗುಂಡಿಗೂ ಅದೇ ಗತಿ ಬರಬಾರದು. ಕಣ್ಣಿಡುವವರು ಕಳ್ಳರೇ ಆಗಬೇಕೆಂದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಲೋವರ್ ಮೆರಿಯನ್ ಶಾಲಾ ಜಿಲ್ಲೆಯು ವಿದ್ಯಾರ್ಥಿಗಳಿಗೆ ಕೊಟ್ಟ ಲ್ಯಾಪ್‌ಟಾಪುಗಳಿಂದಲೇ ಅವರ ಮನೆಯೊಳಗಿನ ಚಿತ್ರಗಳನ್ನು ತೆಗೆದ ಪ್ರಕರಣವು 2010ರಲ್ಲಿ 6,10,000 ಡಾಲರುಗಳ ರಾಜಿಯಲ್ಲಿ ಕೊನೆಗೊಂಡಿತು.

ಗುಂಡಿಯ ಹಿಂದಿನ ತಂತಿ ಎಲ್ಲಿಗೆ ಹೋಗಿದೆಯೆಂದು ಡ್ರೈವರಿಗೆ ತಿಳಿಯದಲ್ಲವೇ ಎಂಬ ಆಕ್ಷೇಪಣೆಯಲ್ಲಿ ತಥ್ಯವಿದೆ. ಹಾಗಿದ್ದರೆ ತಯಾರಕರು ತಿಳಿಸಲಿ. ತಿಳಿಸದಿದ್ದಲ್ಲಿ ಡ್ರೈವರು 'ಗೊತ್ತಿಲ್ಲ' ಎನ್ನಲಿ. ಗೊತ್ತಿಲ್ಲದ ಕಡೆ 'ಸುರಕ್ಷಿತ'ವೆಂಬ ಚಿಹ್ನೆಯನ್ನು ತೋರಿಸುವುದನ್ನು ಮಾತ್ರ ನಾವು ಒಪ್ಪಲಾರೆವು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಏಕಮತದಿಂದ ಸಾರಿತು. ಆ ಹಕ್ಕನ್ನು ನೆನೆದು, ನಮ್ಮ ಸರಕಾರವು ಕಚೇರಿಗಳಿಗೂ ಶಾಲೆಗಳಿಗೂ ಲ್ಯಾಪ್‌ಟಾಪು ಕೊಳ್ಳುವ ಟೆಂಡರುಗಳಲ್ಲಿ ಒಂದು ಷರತ್ತನ್ನು ಸೇರಿಸಲಿ: ಕ್ಯಾಮೆರಾದ ಗುಂಡಿಯು ಮಸೂರವನ್ನಾಗಲಿ ವಿದ್ಯುತ್ತನ್ನಾಗಲಿ ನೇರವಾಗಿ ತಡೆಯತಕ್ಕದ್ದು, ಅದರ ಸ್ಥಿತಿಯನ್ನು ಡ್ರೈವರು ಓದಬಹುದೇ ಹೊರತು ಬದಲಾಯಿಸಕೂಡದು. ಖರೀದಿ ಅಧಿಕಾರಿಗಳು ಇದನ್ನು ಮುಂದಿನ ಟೆಂಡರಿನಲ್ಲಿಯೇ ಬರೆಯಬಹುದು.